ಹಲಸಿನ ಹಲಗೆಯ ಟೀಪಾಯಿ

ಚಿನಕುರಳಿಯ ಚಲುವಯ್ಯನವರ ಮನೆಗೆ ಸೋಫಾ ಬಂದು ಎರಡು ವರ್ಷವಾಗಿತ್ತು. ಅದರ ಮುಂದೆ ಇಡುವ ಟೀಪಾಯಿ ಮಾತ್ರ ಬಂದಿರಲಿಲ್ಲ. ಸೋಫಾ ಕೊಟ್ಟವರು ಸೊಸೆ ಶ್ವೇತಳ ತವರಿನವರು. ಅಷ್ಟು ಕೊಟ್ಟವರು ಟೀಪಾಯಿಯನ್ನೂ ಜೊತೆಗೇ ಕಳಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದು ಅತ್ತೆ ಮಂಗಳಮ್ಮ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದಳು. ಸೋಫಾ ಬಂದ ಮೇಲೆ ಟೀಪಾಯಿಯನ್ನಾದರೂ ಇವರು ತರಬಾರದೇ ಎಂದು ಸೊಸೆ ಬಾಯಿಬಿಟ್ಟೇ ಅನ್ನುತ್ತಿದ್ದಳು. ಹೀಗಾಗಿ ಬಂದವರ ಕಾಫಿ ಲೋಟಗಳೆಲ್ಲ ಒಂದು ಕಾಲು ಬಿರುಕುಬಿಟ್ಟ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರುತ್ತಿದ್ದವು. ಕಾರ್ತಿಕದ ಒಂದು ಭಾನುವಾರ ಆ ಕುರ್ಚಿ ಲೋಟಗಳ ಸಮೇತ ಶ್ವೇತಳ ಚಿಕ್ಕಮ್ಮನ ರೇಷ್ಮೆ ಸೀರೆಯ ಮೇಲೆ ಮಗುಚಿಕೊಂಡಿತು.

ಅಂದು ಮಧ್ಯಾಹ್ನದ ಊಟಕ್ಕೆ ಬಸ್ಸಾರು, ಮುದ್ದೆ. ಶ್ವೇತಳ ಮುಖ ಬಸ್ಸಾರಿಗಿಂತ ಖಾರವಾಗಿತ್ತು.

"ಪಾಂಡವಪುರದಲ್ಲಿ ಒಳ್ಳೇ ಟೀಪಾಯಿ ನಾಲ್ಕೂವರೆ ಸಾವಿರ ಅಂತೆ ಮಾವ."

"ನಾಕೂವರೆ ಸಾವ್ರ!" ಚಲುವಯ್ಯ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. "ನಾಕು ಕಾಲು, ಒಂದು ಹಲಗೆ. ಅದುಕ್ಕಾ?"

ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ಮಗ ರಘುನಂದನ್ ಹೆಂಡತಿಯ ಕಡೆಯೂ ಅಪ್ಪನ ಕಡೆಯೂ ನೋಡದೆ, "ಕಂತಲ್ಲೂ ಕೊಡ್ತಾರಂತೆ ಕಣಪ್ಪ," ಎಂದ.

"ಕಾಫಿ ಲೋಟ ಇಡಾಕೆ ಕಂತಾ? ಸುಮ್ನೆ ಉಣ್ಣಲಾ. ನಾನೇ ಮಾಡ್ತೀನಿ. ಐನೂರು ರೂಪಾಯಿ ಮೀರಿದ್ರೆ ನನ್ ಮೀಸೆ ಬೋಳುಸ್ಬುಡಿ."

"ಮೀಸೆ ಬೋಳುಸ್ಬ್ಯಾಡ ಕಣಪ್ಪ, ಹಸು ನಿನ್ನ ಗುರ್ತು ಇಡಿಯಾಕಿಲ್ಲ," ಎಂದು ಮಗಳು ದಿವ್ಯ ನಕ್ಕಳು.

ಅವಳು ನಕ್ಕದ್ದಕ್ಕೆ ಎಲ್ಲರೂ ಒಮ್ಮೆ ತಲೆಯೆತ್ತಿದರು. ಆ ಮನೆಯಲ್ಲಿ ದಿವ್ಯ ತಾನಾಗಿ ನಕ್ಕು ಬಹಳ ದಿನವಾಗಿತ್ತು. ಅದು ಎಲ್ಲಿಂದ ಬಂದ ನಗು ಎಂಬುದು ಮಂಗಳಮ್ಮನೊಬ್ಬಳಿಗೆ ಗೊತ್ತಿತ್ತು. ಅವಳು ಗಂಡನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.

ದಿವ್ಯಳಿಗೆ ಇಪ್ಪತ್ತೆಂಟು. ಐದು ವರ್ಷದ ಹಿಂದೆ ಅವಳನ್ನು ಕೆ.ಆರ್. ಪೇಟೆ ಕಡೆಯ ರವೀಂದ್ರನಿಗೆ ಕೊಟ್ಟು ಮದುವೆ ಮಾಡಿದ್ದರು. ಒಂದೂವರೆ ವರ್ಷ ತುಂಬಿರಲಿಲ್ಲ, ಹಿಂದೆ ದೀಪವಿಲ್ಲದ ಕಬ್ಬಿನ ಟ್ರಾಕ್ಟರಿಗೆ ಅವನ ಬೈಕು ಗುದ್ದಿತು. ತಿಥಿ ಮುಗಿಸಿಕೊಂಡು ಎರಡು ಸೂಟ್‌ಕೇಸಿನ ಜೊತೆ ತವರಿಗೆ ಬಂದವಳು ಪಾಂಡವಪುರದ ಒಂದು ನರ್ಸರಿ ಶಾಲೆಗೆ ಟೀಚರಾಗಿ ಸೇರಿಕೊಂಡಳು. ಎಂಟರ ಬಸ್ಸಿಗೆ ಹೋಗುವುದು, ಐದರ ಬಸ್ಸಿಗೆ ಬರುವುದು, ಸಂಜೆ ಅಪ್ಪನ ಜೊತೆ ಹಾಲು ಕರೆಯುವುದು. ಮನೆಯಲ್ಲಿ ಅವಳನ್ನು ಯಾರೂ ಒಂದು ಮಾತು ಅಂದವರಲ್ಲ. ಅಂದಿದ್ದರೆ ತಿರುಗಿ ಅಂದು ಹಗುರವಾಗುತ್ತಿದ್ದಳೋ ಏನೋ.

ಹಿಂದಿನ ವರ್ಷ ಹಾಲಿನ ಡೇರಿಯ ಹತ್ತಿರ ಕೆಂಪಣ್ಣ, ಚಲುವಯ್ಯನ ಹೆಗಲ ಮೇಲೆ ಕೈಹಾಕಿ, "ಹುಡ್ಗಿಗೆ ಇನ್ನೊಂದು ಕಡೆ ನೋಡ್ಲಾ, ಈಗಿನ ಕಾಲ್ದಲ್ಲಿ ಎಲ್ಲಾರೂ ಮಾಡ್ತಾವ್ರೆ," ಎಂದಿದ್ದ. ಚಲುವಯ್ಯ ಮನೆಗೆ ಬಂದವನೇ ಹಾಲಿನ ಕ್ಯಾನನ್ನು ಅಂಗಳಕ್ಕೆ ಎಸೆದಿದ್ದ. "ನನ್ ಮಗಳ್ನ ಸಾಕಾಕೆ ನನ್ ಕೈ ಬಿದ್ದೋಗಿಲ್ಲ! ಯಾವನೋ ಹೇಳ್ದ ಅಂತ ಇನ್ನೊಬ್ಬನ ಮನೆಗೆ ದಬ್ಬಾಕೆ ಅವ್ಳು ನನಗೇನು ಭಾರವಾ?" ಎರಡು ದಿನ ಅನ್ನ ಮುಟ್ಟಲಿಲ್ಲ. ಅವನಿಗೆ ಮಗಳ ಮೇಲೆ ಅಷ್ಟು ಪ್ರೀತಿ. ಆ ಪ್ರೀತಿಗೆ ಹೆದರಿ ಮನೆಯವರು ಅವನ ಮುಂದೆ ಮತ್ತೆ ಆ ಮಾತು ಎತ್ತಲಿಲ್ಲ.

ಆದರೆ ಮಂಗಳಮ್ಮ ಸುಮ್ಮನೆ ಕೂರಲಿಲ್ಲ. ನಾಗಮಂಗಲದಲ್ಲಿದ್ದ ಅವಳ ತಂಗಿಯ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹೊಣಕೆರೆಯ ಧರ್ಮೇಂದ್ರ, ಪಶು ಆಸ್ಪತ್ರೆಯಲ್ಲಿ ದನದ ಡಾಕ್ಟರ ಕೈಕೆಳಗೆ ಕೆಲಸ. ಹೆಂಡತಿ ಕಿಡ್ನಿ ಕಾಯಿಲೆಯಲ್ಲಿ ಹೋಗಿದ್ದಳು. ಐದು ವರ್ಷದ ಮಗಳು ಸ್ನೇಹ, ತಾಯಿ ದ್ಯಾವಮ್ಮ. ದೇವರಿಗೆ ಹೋಗಿಬರುತ್ತೇವೆಂದು ಹೇಳಿ ಮಂಗಳಮ್ಮ ಮಗಳನ್ನು ಗಂಜಾಂನ ನಿಮಿಷಾಂಬ ಗುಡಿಗೆ ಕರೆದುಕೊಂಡು ಹೋದಳು. ಅವರೂ ಅಲ್ಲಿಗೆ ಬಂದಿದ್ದರು. ಮಗು ಹೊಳೆಯ ಸೋಪಾನದ ಮೇಲೆ ಕೂತು ಮೀನಿಗೆ ಪುರಿ ಹಾಕಿತು, ದೊಡ್ಡವರಿಬ್ಬರು ಪಕ್ಕದಲ್ಲಿ ನಿಂತು ಅರ್ಧ ಗಂಟೆ ಮಾತಾಡಿದರು. ವಾಪಸು ಬರುವಾಗ ಬಸ್ಸಿನಲ್ಲಿ ದಿವ್ಯ, "ಅವ್ರು ನನ್ ವಿಷ್ಯ ಏನೂ ಕೇಳ್ನಿಲ್ಲ ಕಣವ್ವ. ರವೀಂದ್ರ ಎಂಗಿದ್ರು ಅಂತ ಕೇಳಿದ್ರು. ಇಲ್ಲೀಗಂಟ ಯಾರೂ ಕೇಳಿರ್ನಿಲ್ಲ," ಎಂದಳು. ಆಮೇಲೆ ದಿನಾ ಹಾಲು ಕರೆದಾದ ಮೇಲೆ ಕೊಟ್ಟಿಗೆಯ ಹಿಂದೆ ಹತ್ತು ನಿಮಿಷ ಫೋನು. ಮಂಗಳಮ್ಮ ಆ ಹೊತ್ತಿಗೆ ಗಂಡನನ್ನು ಏನಾದರೊಂದು ಕೆಲಸ ಹೇಳಿ ಮುಂಬಾಗಿಲಿನ ಕಡೆ ಕಳಿಸುತ್ತಿದ್ದಳು.

ದ್ಯಾವಮ್ಮ ಖಡಕ್ಕು ಹೆಂಗಸು. "ಹೆಣ್ಣು ನಮಗೆ ಒಪ್ಪಿಗೆ ಕಣ್ ತಾಯಿ. ಇನ್ನು ಮನೇಗೆ ಬಂದು ಯಜಮಾನ್ರ ಬಾಯಲ್ಲಿ ಒಂದು ಮಾತು ಕೇಳ್ಬೇಕು. ಅವ್ರು ಒಪ್ಪವ್ರೆ ತಾನೇ?" ಎಂದು ಫೋನಿನಲ್ಲಿ ಕೇಳಿದಳು.

"ಒಪ್ಪವ್ರೆ, ಒಪ್ಪವ್ರೆ," ಎಂದುಬಿಟ್ಟಳು ಮಂಗಳಮ್ಮ.

ಇತ್ತ ಚಲುವಯ್ಯನ ಟೀಪಾಯಿ ಕಾರುಬಾರು ಶುರುವಾಗಿತ್ತು. ಗುಜರಿ ಅಂಗಡಿಯಲ್ಲಿ ಹಳೇ ಸ್ಕೂಲ್ ಬೆಂಚಿನ ಕಬ್ಬಿಣದ ಕಾಲುಗಳನ್ನು ನೂರಾ ಎಂಬತ್ತಕ್ಕೆ ಹಿಡಿದು ತಂದ. ವೆಲ್ಡಿಂಗ್ ಅಂಗಡಿಯ ಸಿದ್ದರಾಜು ಅವನ್ನು ಮೊಳಕಾಲುದ್ದಕ್ಕೆ ಕತ್ತರಿಸಿ, ನಡುವೆ ಅಡ್ಡಪಟ್ಟಿ ಕೊಟ್ಟು ಬೆಸೆದುಕೊಟ್ಟ. ದುಡ್ಡು ಬೇಡ, ಎರಡು ಸೇರು ಅವರೆಕಾಯಿ ಕೊಡು ಎಂದ. ಅಂಗಳದಲ್ಲಿ ನಿಲ್ಲಿಸಿ ನೋಡಿದರೆ ಒಂದು ಕಾಲು ಮೇಲಕ್ಕೇ ಇತ್ತು. ಮತ್ತೆ ಸೈಕಲ್ಲಿಗೆ ಕಟ್ಟಿಕೊಂಡು ಹೋದ. ಬಂದ. ಈ ಸಲ ಇನ್ನೊಂದು ಕಾಲು ಮೇಲಕ್ಕಿತ್ತು.

"ಮಾವ, ಇದು ಟೀಪಾಯೋ, ತಿರುಗೋ ತೊಟ್ಟಿಲೋ?" ಎಂದು ಶ್ವೇತ ಹಿತ್ತಲಿನಿಂದಲೇ ಕೇಳಿದಳು.

"ನಿನ್ ಮಗೂಗೆ ತೊಟ್ಲೂ ನಾನೇ ಮಾಡೋದು ಕಣವ್ವ, ಮೊದ್ಲು ಅದುನ್ನ ತತ್ತಾ," ಎಂದ ಚಲುವಯ್ಯ. ಶ್ವೇತ ಒಳಗೆ ಓಡಿದಳು. ಬೇಸಾಯ, ಎರಡು ಹಸು ಇಷ್ಟರಲ್ಲೇ ಅರವತ್ತು ದಾಟಿದ ಅವನಿಗೆ ಇಂಥ ಕೆಲಸವೆಂದರೆ ಹಬ್ಬ. ಬಣ್ಣ ತಂದ, ಬೋಲ್ಟು ತಂದ, ಉಪ್ಪುಕಾಗದ ತಂದ. ಮೇಲಿನ ಹಲಗೆಯೊಂದು ಬಾಕಿ ಉಳಿಯಿತು. ಪ್ಲೈವುಡ್ ವಿಚಾರಿಸಿದರೆ ಮೀಸೆಗೆ ಸಂಚಕಾರ ಬರುವಷ್ಟು ಬೆಲೆ ಹೇಳಿದರು.

ಅದೇ ವಾರ ಮಂಗಳಮ್ಮ ತಂಗಿಯ ಮನೆಗೆಂದು ಹೇಳಿ ನಾಗಮಂಗಲಕ್ಕೆ ಹೋಗಿ ಎರಡು ದಿನ ಉಳಿದಳು. ಹೊಣಕೆರೆಗೂ ಹೋಗಿ ಬಂದಳು. ಮೂರು ಅಂಕಣದ ಮನೆ, ಅಚ್ಚುಕಟ್ಟಾದ ಕೊಟ್ಟಿಗೆ, ಬಚ್ಚಲಿಗೆ ಟೈಲ್ಸು. ಧನುರ್ಮಾಸ ಹುಟ್ಟುವುದಕ್ಕೆ ಮುಂಚೆ ಬರುವ ಭಾನುವಾರ ಚಿನಕುರಳಿಗೆ ಬರುತ್ತೇವೆಂದು ದ್ಯಾವಮ್ಮ ಹೇಳಿದಳು. ಮಂಗಳಮ್ಮ ಲೆಕ್ಕ ಹಾಕಿಟ್ಟಿದ್ದಳು: ಗಬ್ಬ ನಿಲ್ಲದ ಕೆಂದ ಹಸುವನ್ನು ನೋಡಲು ಆಸ್ಪತ್ರೆಯವರು ಬರುತ್ತಾರೆ ಎಂದು ಗಂಡನಿಗೆ ಹೇಳುವುದು. ಹುಡುಗನ ನಡೆನುಡಿ ಅವನಿಗೆ ಹಿಡಿಸಲಿ. ಹಿಡಿಸಿದ ಮೇಲೆ ಮೆಲ್ಲಗೆ ವಿಷಯ ಎತ್ತುವುದು.

ಮನೆಗೆ ಬಂದು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಸೋಫಾದ ಮುಂದೆ ಟೀಪಾಯಿ ನಿಂತಿತ್ತು. ವಾರ್ನಿಷ್ ವಾಸನೆ ಇನ್ನೂ ಆರಿರಲಿಲ್ಲ. ಹೊಂಬಣ್ಣದ ಹಲಗೆ, ನಡುವೆ ಒಂದೇ ಒಂದು ಗಂಟು. ಆ ಗಂಟನ್ನು ಮಂಗಳಮ್ಮ ಗುರುತು ಹಿಡಿದಳು.

"ಇದೆಲ್ಲಿ ಸಿಕ್ತು?"

"ಅಟ್ಟದ ಮ್ಯಾಗಿತ್ತಲ್ಲ. ದಿವ್ಯನ ಹಸೆಮಣೆ," ಎಂದ ಚಲುವಯ್ಯ ಹೆಮ್ಮೆಯಿಂದ. "ಎಂಗೈತೆ?"

ಗದ್ದೆ ಬದುವಿನ ಹಲಸಿನ ಮರ ಕಡಿಸಿ, ಊರ ಆಚಾರಿಗೆ ಎಲೆ ಅಡಿಕೆ ಪಂಚೆ ಕೊಟ್ಟು, ಮಗಳ ಮದುವೆಗೆಂದು ಮಾಡಿಸಿದ ಮಣೆ ಅದು. ಗಂಡು ಹೆಣ್ಣು ಇಬ್ಬರೂ ಜೊತೆಗೆ ಕೂರುವಷ್ಟು ಅಗಲ. ರವೀಂದ್ರ ಸತ್ತಾಗ ನೆಂಟರು ಸುಟ್ಟುಬಿಡು ಎಂದರು. ಮರ ಏನು ಪಾಪ ಮಾಡಿತು ಎಂದು ಚಲುವಯ್ಯನೇ ಗೋಣಿಚೀಲ ಸುತ್ತಿ ಅಟ್ಟಕ್ಕೆ ಹಾಕಿದ್ದ. ರಘುವಿನ ಮದುವೆಯನ್ನು ಬೀಗರು ಶ್ರೀರಂಗಪಟ್ಟಣದ ಛತ್ರದಲ್ಲಿ ಮಾಡಿದರು. ಅಲ್ಲಿ ಛತ್ರದ ಮಣೆಯೇ ಇತ್ತು. ಈಗ ಅದರ ಗಿಡ್ಡ ಕಾಲುಗಳನ್ನು ಕುಯ್ದು, ಒಂದು ಗೇಣು ತೆಗೆದು, ಜಾಜು ಸುಣ್ಣದ ಗೆರೆಗಳನ್ನು ಉಜ್ಜಿ ಅಳಿಸಿದ್ದ. ಅಂಚಿನಲ್ಲಿ ಒಂದು ಕೆಂಪು ಗೆರೆ ಮಾತ್ರ ಉಜ್ಜಿದರೂ ಹೋಗಿರಲಿಲ್ಲ.

"ಹಸೆಮಣೆ ಯಾರಾರ ಕುಯ್ತಾರೇನ್ರೀ?"

"ಈ ಮನೇಲಿ ಇನ್ಯಾರ ಮದ್ವೆ ಐತೆ ಅಂತ ಅದುನ್ನ ಅಟ್ಟದಲ್ಲಿಟ್ಟು ಗೆದ್ಲು ತಿನ್ನುಸ್ಲಿ? ರಘುದಾಯ್ತು, ದಿವ್ಯಂದಾಯ್ತು. ಕಣ್ಮುಂದಿರ್ಲಿ. ನನ್ ಮಗಳು ಅದ್ರ ಮೇಲೆ ಕಾಫಿ ಇಟ್ಕಂಡು ಕುಡೀಲಿ."

ಬಾಗಿಲಲ್ಲಿ ದಿವ್ಯ ನಿಂತಿದ್ದಳು. ಐದರ ಬಸ್ಸಿಗೆ ಈಗತಾನೇ ಇಳಿದು ಬಂದಿದ್ದಳು. ಹತ್ತಿರ ಬಂದು ಹಲಗೆಯ ಮೇಲೆ ಕೈಯಾಡಿಸಿದಳು. "ನುಣ್ಣಗೈತೆ ಕಣಪ್ಪ," ಎಂದು ಒಳಗೆ ಹೋದಳು.

ಅಡುಗೆ ಮನೆಯಲ್ಲಿ ಅಕ್ಕಿ ತೊಳೆಯುತ್ತ, "ಅವ್ವ, ಅಪ್ಪಂಗೆ ಇವತ್ತೇ ಹೇಳ್ಬುಡು. ಭಾನುವಾರ ಅವ್ರು ಬತ್ತಾವ್ರೆ," ಎಂದಳು.

"ಹೇಳಿದ್ರೆ ಕೊಡ್ಲಿ ತಕ್ಕಂಡು ನಿಂತ್ಕತಾರೆ ಕಣವ್ವ. ಅವ್ರು ಬಂದೋಗ್ಲಿ. ಹುಡ್ಗನ ನೋಡ್ಲಿ ಒಂದ್ಸಲ."

"ನಂಗ್ಯಾಕೋ ಸರಿ ಕಾಣ್ತಿಲ್ಲ."

"ಎಲ್ಲಾ ನಾನು ನೋಡ್ಕತೀನಿ ಸುಮ್ನಿರು," ಎಂದಳು ಮಂಗಳಮ್ಮ. ಹೇಳಲು ಅವಳಿಗೆ ಆಮೇಲೂ ಮೂರು ದಿನವಿತ್ತು. ಶುಕ್ರವಾರ ಗಂಡ ಖುಷಿಯಲ್ಲಿದ್ದಾನೆ, ಅದನ್ನು ಯಾಕೆ ಕೆಡಿಸುವುದು ಎನಿಸಿತು. ಶನಿವಾರ ಸಿಡುಕುತ್ತಿದ್ದಾನೆ, ಇವತ್ತು ಬೇಡ ಎನಿಸಿತು. ಭಾನುವಾರ ಬೆಳಗ್ಗೆ ಶ್ವೇತಳನ್ನು ಕರೆದು ಟೀಪಾಯಿಯ ಮೇಲೆ ಹೂವಿನ ಬಟ್ಟೆ ಹೊದಿಸಲು ಹೇಳಿದಳು.

ಹನ್ನೊಂದಕ್ಕೆ ಅವರು ಬಂದರು: ಧರ್ಮೇಂದ್ರ, ದ್ಯಾವಮ್ಮ, ಮಗು. ಆಸ್ಪತ್ರೆಯವನು ಹಸು ನೋಡಲು ಅವ್ವನನ್ನೂ ಮಗುವನ್ನೂ ಯಾಕೆ ಕರೆತಂದ ಎಂದು ಚಲುವಯ್ಯ ಯೋಚಿಸಲೇ ಇಲ್ಲ. ಮನೆಗೆ ಜನ ಬಂದರೆ ಅವನಿಗೆ ಸಂತೋಷ. ಧರ್ಮೇಂದ್ರನನ್ನು ನೇರ ಕೊಟ್ಟಿಗೆಗೆ ಕರೆದುಕೊಂಡು ಹೋದ. ಹುಡುಗ ಅಂಗಿಯ ತೋಳು ಮಡಿಚಿ ಹಸುವಿನ ಮೈದಡವಿದ, ಮೇವು ವಿಚಾರಿಸಿದ, ಖನಿಜದ ಪುಡಿ ಹಾಕಿ ನೋಡಿ ಎಂದ. "ಒಳ್ಳೆ ಕೈ ಕಣಪ್ಪ ನಿಂದು," ಎಂದು ಚಲುವಯ್ಯ ಅವನ ಬೆನ್ನು ತಟ್ಟಿದ. ಕಿಟಕಿಯಿಂದ ನೋಡುತ್ತಿದ್ದ ಮಂಗಳಮ್ಮನಿಗೆ ದೇವರ ಬಲಗಡೆಯ ಹೂವು ಬಿದ್ದಷ್ಟೇ ಹರುಷವಾಯಿತು. ಇನ್ನೇನು, ಸಂಜೆ ಹೇಳಿಬಿಡಬಹುದು.

ಎಲ್ಲರೂ ಸೋಫಾದಲ್ಲಿ ಕೂತರು. ದಿವ್ಯ ಕಾಫಿ, ಕಜ್ಜಾಯ ತಂದಿಟ್ಟಳು. ಸ್ನೇಹ ಅವಳ ಸೆರಗು ಹಿಡಿದುಕೊಂಡು ನಿಂತಿತು.

"ಟೀಪಾಯಿ ಚೆನ್ನಾಗದಲ್ಲ," ಎಂದಳು ದ್ಯಾವಮ್ಮ, ಮಾತಿಗೆ.

"ಬಟ್ಟೆ ತೆಗೀರಿ, ಬಟ್ಟೆ ತೆಗೀರಿ!" ಚಲುವಯ್ಯ ಲೋಟಗಳನ್ನೆತ್ತಿ ತಾನೇ ಬಟ್ಟೆ ಸರಿಸಿದ. "ನಾನೇ ಮಾಡಿದ್ದು ಕಣಮ್ಮ. ಅಂಗಡೀಲಿ ನಾಕೂವರೆ ಸಾವ್ರ, ನಂಗೆ ಐನೂರೂ ಆಗ್ನಿಲ್ಲ."

"ಕಾಫಿ ಆರೋಯ್ತದೆ, ಕುಡೀರಿ," ಎಂದು ಮಂಗಳಮ್ಮ ಅಡ್ಡ ಬಂದಳು.

"ಇರು ಅತ್ಲಾಗೆ. ಮರ ನೋಡಿ, ಎಂಥಾ ಹಲಸು! ನಮ್ಮ ದಿವ್ಯನ ಮದ್ವೆಗೆ ಮಾಡ್ಸಿದ್ದ ಹಸೆಮಣೆ ಇದು. ಇದ್ರ ಮೇಲೇ ಅವ್ಳೂ ನಮ್ಮಳಿಯ ರವೀಂದ್ರನೂ ಕುಂತಿದ್ದು. ಇಲ್ನೋಡಿ, ಜಾಜಿನ ಗೆರೆ ಇನ್ನೂ ಐತೆ. ಪುಣ್ಯಾತ್ಮ ಓಗ್ಬುಟ್ಟ. ಇನ್ನು ಮದ್ವೆ ಗಿದ್ವೆ ಯಾರಿಗೈತೆ ಈ ಮನೇಲಿ ಅಂತ ನಾನೇ ಕುಯ್ದು ಇಂಗ್ಮಾಡ್ದೆ."

ಧರ್ಮೇಂದ್ರ ತುಟಿಯವರೆಗೆ ಒಯ್ದಿದ್ದ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡ. ದ್ಯಾವಮ್ಮ ಚಲುವಯ್ಯನ ಮುಖ ನೋಡಿದಳು, ಮಂಗಳಮ್ಮನ ಮುಖ ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. ದಿವ್ಯ ಮಗುವಿನ ಕೈಯಿಂದ ಮೆಲ್ಲಗೆ ಸೆರಗು ಬಿಡಿಸಿಕೊಂಡು ಒಳಗೆ ಹೋದಳು.

ಹೊರಡುವಾಗ ದ್ಯಾವಮ್ಮ ಗೇಟಿನ ಹತ್ತಿರ ಮಂಗಳಮ್ಮನನ್ನು ನಿಲ್ಲಿಸಿದಳು. ದನಿ ಎತ್ತರಿಸಲಿಲ್ಲ.

"ಮಣೆ ಓಗ್ಲಿ ತಾಯಿ, ಅದು ಮರ. ನನ್ ಮಗನೂ ಒಂದ್ಸಲ ಹಸೆ ಮೇಲೆ ಕುಂತೆದ್ದೋನೇ. ಆದ್ರೆ ಯಜಮಾನ್ರಿಗೇ ಗೊತ್ತಿಲ್ದಂಗೆ ನಮ್ನ ಮನೆ ಒಳಿಕ್ಕೆ ಕೂರ್ಸಿದ್ರಲ್ಲ. ಒಪ್ಪವ್ರೆ ಅಂದ್ರಲ್ಲ. ತಾಯಿ ಇಲ್ದಿರೋ ಮಗೂನ ನಿಮ್ಮ ಕೈಗೆ ಎಂಗ್ ಕೊಡ್ಲಿ?"

ದ್ಯಾವಮ್ಮ ಮೊಮ್ಮಗಳ ಕೈ ಹಿಡಿದು ಹೊರಟಳು.

ಆ ಮಧ್ಯಾಹ್ನ ಆ ಮನೆಯಲ್ಲಿ ಎಂದೂ ಆಗದ ಜಗಳವಾಯಿತು. ವಿಷಯ ತಿಳಿದ ಚಲುವಯ್ಯ ಮೊದಲು ಕೂಗಾಡಿದ, ಆಮೇಲೆ ತಲೆ ಹಿಡಿದುಕೊಂಡು ಕೂತ.

"ನಂಗೊಂದು ಮಾತು ಹೇಳಿದ್ರೆ ಆ ಮಣೆ ಮುಟ್ತಿದ್ನೇನೇ?"

"ಹೇಳಿದ್ರೆ ನೀವು ಕೇಳ್ತಿದ್ರಾ? ಕೆಂಪಣ್ಣ ಅಂದಿದ್ದಕ್ಕೆ ಎರಡು ದಿನ ಉಪಾಸ ಬಿದ್ರಿ!"

"ಅದುಕ್ಕೆ? ನನ್ ಮನೇಲಿ ನನ್ನೇ ಪೆದ್ದನ ಮಾಡದಾ? ಬಾಯಿಗೆ ಬಂದಂಗೆ ಆಡ್ದ್ನಲ್ಲೇ ನಾನು ಅವ್ರ ಮುಂದೆ!"

"ಮಾವ, ನಾನು ಟೀಪಾಯಿ ಕೇಳಲೇಬಾರದಿತ್ತು," ಎಂದು ಶ್ವೇತ ಅತ್ತಳು. ಅತ್ತೆ ಸೊಸೆಯರಿಗೆ ಯಾವತ್ತೂ ಸರಿಬಾರದಿದ್ದರೂ ಆ ಹೊತ್ತಿನಲ್ಲಿ ಮಂಗಳಮ್ಮನಿಗೆ ಅವಳ ಮೇಲೆ ಕನಿಕರ ಬಂತು. ರಘು, "ಇವತ್ತೇ ಒಡ್ದಾಕ್ತೀನಿ ಅದ್ನ," ಎಂದು ಎದ್ದ.

"ಕುಂತ್ಕೊಳಣ್ಣ," ಎಂದಳು ದಿವ್ಯ. ಅವಳೊಬ್ಬಳು ಅತ್ತಿರಲಿಲ್ಲ. "ಅದುನ್ನ ಒಡೆದ್ರೆ ಏನ್ ಬತ್ತದೆ? ಅಪ್ಪ, ಗೊತ್ತಿಲ್ದೆ ಮಾಡ್ದೆ, ಅದಿರ್ಲಿ. ನಂಗೆ ಇನ್ನೊಂದು ಬದುಕು ಆಗ್ಬೋದು ಅಂತ ನಿಂಗೆ ಒಂದಿನಾನೂ ಅನ್ನಿಸ್ನಿಲ್ವಾ?"

ಚಲುವಯ್ಯ ಎದ್ದು ಕೊಟ್ಟಿಗೆಯ ಕಡೆ ಹೋದ.

ಅಂದಿನಿಂದ ಕೊಟ್ಟಿಗೆಯ ಹಿಂದಿನ ಫೋನು ನಿಂತಿತು. ಕೊನೆಯ ಸಲ ಮಾತಾಡಿ ಬಂದ ದಿವ್ಯ, "ಅಮ್ಮನ ಮಾತು ಮೀರಾಕಾಗಲ್ಲ ಅಂದ್ರು," ಎಂದಷ್ಟೇ ಹೇಳಿ ಹಾಲಿನ ಕ್ಯಾನು ತೊಳೆಯತೊಡಗಿದಳು. ಚಲುವಯ್ಯ ವಾರಗಟ್ಟಲೆ ಯಾರ ಜೊತೆಯೂ ಹೆಚ್ಚು ಮಾತಾಡಲಿಲ್ಲ. ಒಂದು ಬೆಳಗ್ಗೆ ರೊಟ್ಟಿ ತಿನ್ನುತ್ತ ತಾನಾಗಿಯೇ, "ನಾನೇ ಓಗಿ ಕೇಳ್ತೀನಿ. ಕೈ ಮುಗ್ದು ಕೇಳ್ತೀನಿ," ಎಂದ.

"ಇವತ್ತೇ ಓಗನ ನಡೀರಿ," ಎಂದಳು ಮಂಗಳಮ್ಮ.

"ಧನುರ್ಮಾಸದಲ್ಲಿ ಯಾರಾರ ಹೆಣ್ಣಿನ ಮಾತಾಡ್ತಾರೇನೇ? ಒಂದ್ಸಲ ಕೆಡ್ಸಿದ್ದು ಸಾಲ್ದಾ? ಸಂಕ್ರಾಂತಿ ಕಳೀಲಿ. ಈ ಸಲ ಎಲ್ಲಾ ಸರಿಯಾಗಿ ಮಾಡನ."

ಮಂಗಳಮ್ಮನಿಗೂ ಅದು ಸರಿಯೆನಿಸಿತು. ಹಬ್ಬ ಕಳೆದ ನಾಲ್ಕನೆಯ ದಿನ, ಎಲೆ ಅಡಿಕೆ, ಹಣ್ಣು, ಎಳ್ಳು ಬೆಲ್ಲ ಹಿಡಿದು ಇಬ್ಬರೂ ಹೊಣಕೆರೆಗೆ ಹೋದರು. ಚಲುವಯ್ಯ ಮಗನ ಮದುವೆಗೆಂದು ಹೊಲಿಸಿದ್ದ ಬಿಳೀ ಅಂಗಿ ಹಾಕಿದ್ದ. ದ್ಯಾವಮ್ಮ ಕಾಲಿಗೆ ನೀರು ಕೊಟ್ಟಳು, ಚಾಪೆ ಹಾಸಿದಳು, ಅವರೆಕಾಳಿನ ಸಾರು ಮಾಡಿ ಉಣ್ಣಲಿಕ್ಕೆ ಬಡಿಸಿದಳು. ಊಟವಾಗುವವರೆಗೆ ಮಾತು ಎತ್ತಗೊಡಲಿಲ್ಲ.

"ತಪ್ಪಾಯ್ತು ತಾಯಿ," ಎಂದು ಚಲುವಯ್ಯ ಎರಡೂ ಕೈ ಜೋಡಿಸಿದ. "ಈಗ ಹೆಣ್ಣಿನ ಮನೆ ಯಜಮಾನ್ನೇ ಬಂದು ಕೇಳ್ತಾವ್ನೆ. ನನ್ ಮಗಳ್ನ ತಕ್ಕಳಿ."

ದ್ಯಾವಮ್ಮನ ಕಣ್ಣು ತುಂಬಿತು. "ಇದೇ ಮಾತ್ನ ತಿಂಗಳ ಕೆಳುಗೆ ಬಂದು ಆಡಿದ್ರೆ ಆಗ್ತಿತ್ತಲ್ಲ ಯಜಮಾನ್ರೆ. ಕಿಕ್ಕೇರಿ ಕಡೆ ಒಂದು ಹೆಣ್ಣಿಗೆ ಮಾತು ಕೊಟ್ಬುಟ್ಟೋ. ಎರಡನೇ ಮದ್ವೆ, ತಾಯಿ ಇಲ್ದಿರೋ ಕೂಸು. ನಾವು ಮಾಸ ಗೀಸ ಅಂತ ಕಾಯ್ನಿಲ್ಲ."

ಧರ್ಮೇಂದ್ರ ಬಾಗಿಲಲ್ಲಿ ನಿಂತಿದ್ದ, ಒಳಗೆ ಬರಲಿಲ್ಲ. ಮಗು ಮಾತ್ರ ಮಂಗಳಮ್ಮನ ಹತ್ತಿರ ಬಂದು, "ದಿವ್ಯ ಮಿಸ್ಸು ಬಂದಿಲ್ವಾ?" ಎಂದು ಕೇಳಿತು.

ಗಂಡಹೆಂಡಿರು ಸಂಜೆಯ ಬಸ್ಸು ಹಿಡಿದರು. ಮನೆ ತಲುಪುವ ಹೊತ್ತಿಗೆ ದೀಪ ಹಚ್ಚುವ ಸಮಯ. ದಿವ್ಯ ನೆಲದ ಮೇಲೆ ಕೂತು ಶಾಲೆಯ ಮಕ್ಕಳಿಗೆಂದು ಬಣ್ಣದ ಕಾಗದದಲ್ಲಿ ಗಿಳಿ ಕತ್ತರಿಸುತ್ತಿದ್ದಳು. ಅಪ್ಪನ ಬಿಳೀ ಅಂಗಿ ನೋಡಿ ಎಲ್ಲಿಗೆ ಹೋಗಿದ್ದರೆಂದು ಅವಳಿಗೆ ತಿಳಿಯಿತು. ಕತ್ತರಿ ಕೆಳಗಿಟ್ಟಳು.

ಚಲುವಯ್ಯ ಅವಳ ಪಕ್ಕದಲ್ಲೇ ಕುಕ್ಕರಿಸಿ ಕೂತ. "ಕೇಳ್ದೆ ಕಣ್ ಮಗ. ಬಾಯ್ತುಂಬ ಕೇಳ್ದೆ. ಆಗ್ನಿಲ್ಲ. ಅವ್ರು ಬೇರೆ ಕಡೆ ಮಾತು ಕೊಟ್ಬುಟ್ಟವ್ರೆ." ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, "ಓಗ್ಲಿ ಬುಡು. ಈಗ ನಾನೇ ನಿಂತ್ಕಂಡು ನೋಡ್ತೀನಿ. ಅದುಕ್ಕಿಂತ ಒಳ್ಳೆ ಸಂಬಂಧ ತತ್ತೀನಿ ನಿಂಗೆ," ಎಂದ.

ದಿವ್ಯ ಅಪ್ಪನ ಕೈ ಹಿಡಿದುಕೊಂಡಳು. ಉಪ್ಪುಕಾಗದ ಉಜ್ಜಿ ಸುಲಿದಿದ್ದ ಬೆರಳುಗಳು ಈಗ ಮಾಗಿದ್ದವು.

"ನಂಗೆ ಒಳ್ಳೆ ಸಂಬಂಧ ಬೇಕಿರ್ನಿಲ್ಲ ಕಣಪ್ಪ," ಎಂದಳು. "ಅವ್ರು ಬೇಕಾಗಿತ್ತು."

ಮಂಗಳಮ್ಮ ಹೊಸ್ತಿಲಲ್ಲೇ ನಿಂತು ಕೇಳಿಸಿಕೊಂಡಳು. ಮನೆ ನೋಡಿದ್ದಳು, ಕೊಟ್ಟಿಗೆ ನೋಡಿದ್ದಳು, ಬಚ್ಚಲಿನ ಟೈಲ್ಸು ಕೂಡ ನೋಡಿಕೊಂಡು ಬಂದಿದ್ದಳು. ಇದೊಂದನ್ನು ಮಗಳ ಹತ್ತಿರ ಕೇಳಿರಲಿಲ್ಲ.

"ಕೈಕಾಲು ತೊಳ್ಕಂಡು ಬನ್ನಿ, ಮುದ್ದೆಗಿಡ್ತೀನಿ," ಎಂದು ದಿವ್ಯ ಎದ್ದಳು. ಆ ದಿನ ಐದು ಜನರ ಮನೆಯಲ್ಲಿ ಅವಳು ನಾಲ್ಕು ಮುದ್ದೆ ಕಟ್ಟಿದಳು.